ತಿರುವಿನ ಗಂಟೆ

ಅಣ್ಣಾ,

ಇದರ ಹಿಂದೆ 'ಪ್ರೀತಿಯ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ಸದ್ಯಕ್ಕೆ ಅಣ್ಣ ಎನ್ನುವುದಷ್ಟೇ ಉಳಿದಿದೆ, ಅದನ್ನೇ ಇಟ್ಟುಕೋ.

ನೀನು ಹೇಳಿಕಳಿಸಿದ್ದು ತಲುಪಿತು. ಹಳ್ಳ ಉಕ್ಕಿದ ದಿನ ನೀನು ಗಂಟೆ ಬಾರಿಸಿದ್ದು ನಿಜ ಎಂದು ವಿಚಾರಣೆಗೆ ಬರುವ ಅಧಿಕಾರಿಗಳ ಮುಂದೆ ನಾನು ಹೇಳಬೇಕಂತೆ. ಹೇಳುತ್ತೇನೆ. ಅಂಗೈ ಹರಿಯುವ ತನಕ ಬಾರಿಸಿದ್ದೀಯ. ನನ್ನ ಗಂಡನ ಮಣ್ಣಿಗೆ ಬಂದಾಗ ನಿನ್ನ ಬ್ಯಾಂಡೇಜನ್ನು ಊರೆಲ್ಲ ನೋಡಿತು. "ಪಾಪ, ಅಣ್ಣ ಕೈಲಾದ್ದು ಮಾಡ್ದ" ಎಂದರು.

ಬೇಸಿಗೆಯ ಗುಡುಗುಮಳೆ ನಮಗೆ ಹೊಸದೇ? ಬೆಟ್ಟದ ಆಚೆ ಮಗ್ಗುಲಲ್ಲಿ ಸುರಿಯುತ್ತದೆ, ಇಲ್ಲಿ ಕೆಳಗೆ ಒಗೆದ ಬಟ್ಟೆ ಗರಿಗರಿ ಒಣಗುತ್ತಿರುತ್ತದೆ. ಒಂದು ಹನಿಯೂ ಬೀಳುವುದಿಲ್ಲ, ಹಳ್ಳ ಮಾತ್ರ ಬರುತ್ತದೆ. ಅದಕ್ಕೇ ಅಲ್ಲವೇ ಅಪ್ಪ ಮೇಲಿನ ತಿರುವಿನಲ್ಲಿ, ನಮ್ಮ ಹಿಟ್ಟಿನ ಗಿರಣಿಯ ಪಕ್ಕ, ಕಂಬ ನೆಟ್ಟು ಆ ಗಂಟೆ ಕಟ್ಟಿದ್ದು? ನೀರಿನ ಬಣ್ಣ ತಿರುಗಿದ್ದನ್ನು ಕಂಡವರು ಹಗ್ಗ ಹಿಡಿಯಬೇಕು. ಕೇಳಿದವರು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಗುಡ್ಡ ಹತ್ತಬೇಕು. ಚಿಕ್ಕವನಿದ್ದಾಗ ನನ್ನನ್ನು ಓಡಿಸಿ ನಗುವುದಕ್ಕೆಂದು ನೀನೊಮ್ಮೆ ಸುಮ್ಮಸುಮ್ಮನೆ ಬಾರಿಸಿದೆ. ಅಪ್ಪ ಬಾಸುಂಡೆ ಬರುವ ಹಾಗೆ ಹೊಡೆದು, "ಹಿಂಗೆ ಆಟ ಆಡಿದ್ರೆ ನಾಳೆ ಯಾರೂ ಏಳಲ್ಲ ಕಣೋ" ಎಂದರು. ಆಮೇಲೆ ಗಿರಣಿಯ ಹಿಂದೆ ಹೋಗಿ ತಾವೇ ಅತ್ತರು.

ಗಿರಣಿ ಹೋಗಿ ನಿನ್ನ ಲಾಡ್ಜ್ ಬಂತು. ಗಂಟೆಗೆ ಪಾಲಿಶ್, ಹಗ್ಗಕ್ಕೆ ಬಣ್ಣದ ಕುಚ್ಚು, ಪಕ್ಕದಲ್ಲೊಂದು ಬೋರ್ಡು: 'ಬಾರಿಸಿ, ಫೋಟೊ ತೆಗೆಸಿಕೊಳ್ಳಿ.' ಬಂದವರೆಲ್ಲ ಬಾರಿಸಿದರು. ಮೊದಮೊದಲು ನಾವು ಓಡಿದೆವು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡದ ಮೇಲೆ ಏದುಸಿರು ಬಿಡುತ್ತ ನಿಂತರೆ, ನಿನ್ನ ಗಿರಾಕಿಗಳು ನಮ್ಮತ್ತ ಖುಷಿಯಿಂದ ಕೈ ಬೀಸುತ್ತಿದ್ದರು. ಅದನ್ನು ನಿಲ್ಲಿಸು ಎಂದು ನಾನೇ ಬಂದು ಬೇಡಿಕೊಂಡೆ. ನೀನು ನನ್ನ ಕೈಗೆ ತಣ್ಣನೆಯ ಶರಬತ್ತು ಕೊಟ್ಟು, "ಅಯ್ಯೋ, ಎಲ್ರ ಕೈಲೂ ಮೊಬೈಲ್ ಇದೆಯಲ್ಲಮ್ಮಾ. ನೀರು ಬಂದ್ರೆ ಫೋನ್ ಮಾಡಲ್ವಾ ನಾನು?" ಎಂದೆ. ಮೂರ್ಖಳು ನಾನು, ಶರಬತ್ತು ಕುಡಿದು ಬಂದೆ.

ಅವತ್ತು ಸಿಡಿಲು ಬಡಿದು ಮೊಬೈಲ್ ಟವರ್ ಕೆಟ್ಟಿತು. ನಿನಗೆ ಉಳಿದದ್ದು ಅದೇ ಹಗ್ಗ. ಇವರು ಹಳ್ಳದೊಳಗೆ ಬಗ್ಗಿ ಕುಡಿಯುವ ನೀರಿನ ಪಂಪ್ ಬಿಚ್ಚುತ್ತಿದ್ದರು, ನಾನು ದಡದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಗಂಟೆ ಕೇಳಿಸಿತು ಅಣ್ಣಾ, ಚೆನ್ನಾಗಿಯೇ ಕೇಳಿಸಿತು. ಇವರು ತಲೆ ಕೂಡ ಎತ್ತದೆ, "ನಿಮ್ಮಣ್ಣಂಗೆ ಇವತ್ತು ಭರ್ಜರಿ ವ್ಯಾಪಾರ ಕಣೆ" ಎಂದರು. ನಾನು ನಕ್ಕೆ. ಆ ನಗು ಮುಗಿಯುವಷ್ಟರಲ್ಲಿ ಮರದ ದಿಮ್ಮಿಗಳನ್ನು ಹೊತ್ತ ಕೆಸರುನೀರು ತಿರುವಿನಲ್ಲಿ ಕಾಣಿಸಿತು. ನನ್ನ ಕೈಯಲ್ಲಿ ಸ್ಪ್ಯಾನರ್ ಉಳಿಯಿತು.

ಹಾಗಾಗಿ ನೀನು ಬಾರಿಸಿದೆ ಎಂದು ಹೇಳುತ್ತೇನೆ. ಯಾರೂ ಯಾಕೆ ಏಳಲಿಲ್ಲ ಎಂಬುದನ್ನೂ ಹೇಳುತ್ತೇನೆ, ಅಧಿಕಾರಿಗಳು ಕೇಳದಿದ್ದರೂ. ನಿನ್ನ ಲಾಡ್ಜಿಗೆ ಬೀಗ ಬಿದ್ದರೆ ಬೀಳಲಿ. ತಂಗಿ ಹೊಟ್ಟೆಕಿಚ್ಚಿಗೆ ಹೇಳಿದಳು ಎಂದು ಬೇಕಾದರೆ ಊರೆಲ್ಲ ಸಾರಿಕೊಂಡು ಬಾ.

ನಿನ್ನೆ ನೀನು ಲಾಡ್ಜ್ ಮತ್ತೆ ತೆರೆದೆ. ಯಾರೂ ಬಂದು ಹೇಳಬೇಕಾಗಲಿಲ್ಲ. ಮಧ್ಯಾಹ್ನ ಗಂಟೆ ಹೊಡೆಯಿತು, ನಾನು ಹಿಟ್ಟಿನ ಕೈಯಲ್ಲೇ ಮಗಳನ್ನು ಎಳೆದುಕೊಂಡು ಗುಡ್ಡ ಹತ್ತಿದೆ. ಹಳ್ಳ ತಿಳಿಯಾಗಿ ಹರಿಯುತ್ತಿತ್ತು. ಮೇಲೆ ಯಾರೋ ಕುಚ್ಚು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. "ಮಾವ ನಮ್ಮನ್ನ ಕರೀತಿದಾರಾ ಅಮ್ಮಾ?" ಎಂದಳು ಮಗಳು.

ಇನ್ನು ಮೇಲೆ ಪ್ರತಿ ಸಲವೂ ಓಡುತ್ತೇವೆ. ಸುಳ್ಳು ಎಂದು ಗೊತ್ತಿದ್ದರೂ ಓಡುತ್ತೇವೆ.

ನೂರು ವರ್ಷ ಬಾಳು ಅಣ್ಣಾ. ಕಣ್ಣು ಕೊನೆಯವರೆಗೂ ಚೆನ್ನಾಗಿರಲಿ, ನಾವು ಓಡುವುದನ್ನು ನೋಡುವುದಕ್ಕೆ.

ಹಳ್ಳದ ಕೆಳಗಿನ ಮನೆಯಿಂದ,
ನಿನ್ನ ತಂಗಿ