ಅಲೆಗಳ ಭಾರ

ತೇಲೂರು, ಫೆಬ್ರವರಿ 30, 2391

ಹಿಂದಿನ ಕಾಲದವರಿಗೆ,

ನಾಲ್ಕು ವರ್ಷ ಮುಚ್ಚಿಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. ತುಳಸಕ್ಕನ ತೀರಿಹೋದ ಮಗಳು ಶಾಂಭವಿಯ ಫೋಟೋ ಕೆಡಿಸಿದ್ದು ಯಂತ್ರವಲ್ಲ, ನಾನು, ಊರಿನ ಫೋಟೋಗಳನ್ನು ಕಾಯುವ ರುಕ್ಮಿ. ದಿನಾಂಕ ನಿಮಗೆ ವಿಚಿತ್ರವೆನಿಸಬಹುದು; ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತೂ ವಿಚಿತ್ರವೆನಿಸಿದರೆ ಕ್ಷಮಿಸಿ. ಒಂದೆಡೆ ಕೂರಲಾಗದೆ ಹದಿಮೂರಕ್ಕೇ ಶಾಲೆ ಬಿಟ್ಟವಳು ನಾನು.

ತೇಲೂರು ಎಂದರೆ ಕಾರವಾರದಾಚೆ ಕಡಲ ಮೇಲೆ ಒಂದಕ್ಕೊಂದು ಕಟ್ಟಿದ ನಾನೂರು ತೆಪ್ಪಮನೆಗಳು. ಬೆಳಿಗ್ಗೆ ಎದ್ದು ಮೊದಲು ಹಗ್ಗದ ಗಂಟು ಮುಟ್ಟಿ ನೋಡುತ್ತೇವೆ, ಆಮೇಲೆ ಒಲೆ ಹಚ್ಚುತ್ತೇವೆ. ನೀರು ಕಾದು ಮೀನು ದಕ್ಷಿಣಕ್ಕೆ ಸರಿದಿದೆ, ಊರೂ ಸರಿಯಬೇಕು. ಫೋಟೋಗಳನ್ನಿಟ್ಟ ಹಳೆಯ ಯಂತ್ರವನ್ನು ಹೊರುವ ದೋಣಿಯಿಲ್ಲ. ಎಲ್ಲವೂ ಹೆಬ್ಬೆರಳಿನಷ್ಟೇ ಇರುವ ಒಂದೇ ನೆನಪುಗಲ್ಲಿನಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ವಾರಸುದಾರರಿಲ್ಲದವರ ಫೋಟೋ ಬಿಟ್ಟುಹೋಗುವುದೆಂದು ಊರಸಭೆ ತೀರ್ಮಾನಿಸಿತ್ತು. ಮಗಳು ಹೋದಮೇಲೆ ತುಳಸಕ್ಕನಿಗೆ ಯಾರೂ ಇಲ್ಲ.

ನಾಲ್ಕು ವರ್ಷದ ಹಿಂದೆ ನಾನು ಮಾಡಿದ ತಪ್ಪು ಇಷ್ಟು: ಯಂತ್ರದಲ್ಲಿ ಜಾಗ ಉಳಿಸಲೆಂದು, ಒಮ್ಮೆ ಕಿರಿದಾಗಿಸಿದ ಫೋಟೋವನ್ನೇ ಮತ್ತೆ ಮತ್ತೆ, ಒಂಬತ್ತು ಸಲ, ಕಿರಿದಾಗಿಸಿದೆ. ಪ್ರತಿ ಸಲವೂ ಒಂದಿಷ್ಟು ವಿವರ ಹೋಗಿ, ಕೊನೆಗೆ ಮುಖವಿದ್ದಲ್ಲಿ ಬರೀ ಚೌಕಗಳು ಉಳಿದವು. ಮೂಲವನ್ನೂ ಅಳಿಸಿದ್ದೆ. ಶಾಂಭವಿ ಇನ್ನು ಉಳಿದಿದ್ದುದು ಬಲೆ ಎಳೆಯುವವರ ಒಂದು ಗುಂಪಿನ ಫೋಟೋದಲ್ಲಿ ಮಾತ್ರ. ಹಿಂದೆ ಉಕ್ಕುವ ಕಡಲು. ಊರಿನ ಫೋಟೋಗಳಲ್ಲೆಲ್ಲ ಅದೇ ಹೆಚ್ಚು ಭಾರ, ಎಂದರೆ ಯಂತ್ರದಲ್ಲಿ ಹೆಚ್ಚು ಜಾಗ ತಿನ್ನುವುದು. ಅದರಲ್ಲಿದ್ದ ಯಾರಿಗೂ ವಾರಸುದಾರರಿಲ್ಲ, ಹಾಗಾಗಿ ಬಿಟ್ಟುಹೋಗುವ ಪಟ್ಟಿಯಲ್ಲಿ ಅದೇ ಮೊದಲು.

ಅದನ್ನು ಹಿಡಿದು ತುಳಸಕ್ಕನ ಬಳಿ ಹೋಗಿ ನಿಜ ಹೇಳಿದೆ. ಅವಳು ಮೀನು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಾಕು ವರ್ಷ ನಮ್ಮನೆ ಗಂಜಿ ಉಂಡಿ. ಆ ಬಾಯಲ್ಲಿ ಇದೊಂದು ಮಾತು ಬರ್ಲಿಲ್ವನೇ ನಿಂಗೆ?"

ಮೀನು ಹೆಚ್ಚಿ ಮುಗಿಸಿ ಕೈ ತೊಳೆದು, ಈ ಫೋಟೋ ಯಾಕೆ ಇಷ್ಟು ಭಾರ ಎಂದು ಕೇಳಿದಳು. ಅಲೆಗಳಿಂದ ಎಂದೆ. ನೊರೆಯ ಒಂದು ಚುಕ್ಕೆಯಂತೆ ಇನ್ನೊಂದಿಲ್ಲ, ಯಂತ್ರ ಪ್ರತಿಯೊಂದನ್ನೂ ಬರೆದಿಡುತ್ತದೆ ಎಂದು ವಿವರಿಸಿದೆ.

"ಅಲೆ ನಾವು ಹೋದಲ್ಲೂ ಇರ್ತದೆ ಮಗಾ. ಮೋರೆ ಬಿಡ್ಬೇಡ."

ಅಷ್ಟು ಸಾಕಾಯಿತು. ಫೋಟೋ ಕಿರಿದಾಗಿಸಿಡುವ ಹಳೆಯ ರೂಪದಲ್ಲಿ ಚಿತ್ರದ ಮೂಲೆಮೂಲೆಗೂ ಒಂದೇ ಮರ್ಯಾದೆ. ಅದನ್ನು ಬಿಟ್ಟು 'ಸೋಸುರೂಪ' ಹಿಡಿದೆ. ಅದರಲ್ಲಿ ಎಲ್ಲಿ ವಿವರ ಉಳಿಯಬೇಕು, ಎಲ್ಲಿ ಹೋದರೂ ನಡೆಯುತ್ತದೆ ಎಂದು ನಾವೇ ಹೇಳಬಹುದು. ಮುಖ, ಕೈ ಇದ್ದಂತೆಯೇ ಉಳಿಸಿದೆ. ಕಡಲನ್ನು ಸಡಿಲ ಬಿಟ್ಟೆ. ಪ್ರತಿಯೊಂದನ್ನೂ ಮೂಲದಿಂದಲೇ, ಒಂದೇ ಸಲ. ಹನ್ನೊಂದು ದಿನದಲ್ಲಿ ಊರಿನ ಅರವತ್ತೆರಡು ಸಾವಿರ ಫೋಟೋ ಕಲ್ಲಿನೊಳಗೆ ಕೂತವು, ಇನ್ನೂ ಜಾಗ ಮಿಕ್ಕಿತು. ಊರಸಭೆ ಪಟ್ಟಿಯನ್ನು ಹರಿದು ಹಾಕಿದಾಗ ಜನ ದೋಣಿಯ ಹಲಗೆ ಬಡಿದ ಸದ್ದಿಗೆ ಹಕ್ಕಿಗಳೆಲ್ಲ ಎದ್ದವು. ಗೆದ್ದೆ ಎಂದು ನಾನೂ ಕೂಗಿದೆ. ಸುಳ್ಳು ವಿನಯ ನನಗೆ ಬರುವುದಿಲ್ಲ. ಶಾಂಭವಿಯ ಮೂಗಿನ ಮೇಲಿನ ಬೆವರ ಹನಿ ಸಹ ಹಾಗೇ ಇತ್ತು. ತುಳಸಕ್ಕ ಅದನ್ನು ಬೆರಳಿಂದ ಒರೆಸಲು ಹೋದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಫೋಟೋಗಳನ್ನು ಎಷ್ಟು ಬೇಕಾದರೂ ಕಿರಿದು ಮಾಡಿ. ಮೂಲವನ್ನು ಮಾತ್ರ ಅಳಿಸಬೇಡಿ.

ನಾಳೆ ಬೆಳಿಗ್ಗೆ ನಾವು ಹೊರಡುತ್ತೇವೆ.