ತೂಬು ತೆಗೆದ ದಿನದ ಸ್ಯಾಂಪಲ್

ಪರಿಸರ ಅಧಿಕಾರಿಗಳಿಗೆ,

ಸರ್, ಫಸ್ಟ್ ಇಯರ್ ಹುಡುಗಿ ನಿಮ್ಮಂಥವರಿಗೆ ಪತ್ರ ಬರೆಯುವುದೇ ತಪ್ಪು, ಸಾರಿ. ಬಣ್ಣದ ಕಾರ್ಖಾನೆಯ ಕೊಳಕು ಸೇರುವ ನಮ್ಮ ಹೊನ್ನೂರು ಕಾಲುವೆಯ ನೀರು ಚೆನ್ನಾಗಿದೆ ಎಂಬ ನಿಮ್ಮ ರಿಪೋರ್ಟ್ ಓದಿದೆ. ಕಾರ್ಖಾನೆಯ ಕೊಳಕು ನೀರನ್ನು ಪೈಪಿನ ಬಾಯಲ್ಲೇ ಹಿಡಿದು ಟೆಸ್ಟ್ ಮಾಡಬೇಕೆಂದು ನಮಗೆ ಮೊದಲ ಪ್ರಾಕ್ಟಿಕಲ್‌ನಲ್ಲೇ ಹೇಳಿಕೊಟ್ಟರು. ನೀವು ಶೂ ಒದ್ದೆಯಾಗದಂತೆ ಸೇತುವೆ ಮೇಲಿಂದ ಬಾಟಲಿ ಇಳಿಸಿದಿರಂತೆ. ಗ್ರೇಟ್ ಸರ್.

ಆ ದಿನ ಕೆರೆಯ ತೂಬು ತೆಗೆದು ಕಾಲುವೆ ತುಂಬಿಸಿದವರು ನೀರಗಂಟಿ ನಿಂಗಯ್ಯ, ನಮ್ಮಪ್ಪ. ಕೇಳಿದರೆ, “ಸಾಯೇಬ್ರು ಬತ್ತಾವ್ರೆ, ನೀರು ಬುಡು ಅಂತ ಬಣ್ಣದ ಕಾರ್ಖಾನೆ ಮ್ಯಾನೇಜರು ಯೋಳುದ್ರು ಕಣವ್ವ. ಬಂದೋರ್ಗೆ ಕೊಚ್ಚೆ ತೋರ್ಸಕಾದದಾ?” ಅಂದರು. ಅವರ ಲೆಕ್ಕದಲ್ಲಿ ಅದು ಮರ್ಯಾದೆ. ಕೆರೆ ನೀರು ಬೆರೆತು ವಿಷ ಡೈಲ್ಯೂಟ್ ಆಗಿದೆ ಎಂಬುದು ಓದಿಕೊಂಡ ನಿಮಗಾದರೂ ಹೊಳೆಯಬೇಕಿತ್ತು.

ಆ ಕಾಲುವೆ ನೀರಿನ ಗದ್ದೆಯಲ್ಲಿ ನಾಟಿ ಮಾಡಿ ನಮ್ಮವ್ವನ ಕಾಲು ಮೊಣಕಾಲವರೆಗೆ ಹುಣ್ಣಾಗಿದೆ. ಇದನ್ನು ಬರೆದದ್ದಕ್ಕೆ ಅಪ್ಪನ ಕೆಲಸ ಹೋಗಬಹುದು. ಆದರೂ ಅವರ ಹೆಸರು ಹೊಡೆದುಹಾಕಿಲ್ಲ.

ಈ ಸಲ ಯಾರಿಗೂ ಫೋನ್ ಮಾಡದೆ ಬನ್ನಿ. ನೀರಿಗಿಳಿಯಲು ನಿಮಗೆ ಕಷ್ಟವಾದರೆ ಬಾಟಲಿ ಕೊಡಿ, ನಾನೇ ಇಳಿಯುತ್ತೇನೆ.

ಬರುತ್ತೀರೋ ಇಲ್ಲವೋ, ಹಾಸ್ಟೆಲ್ ವಿಳಾಸಕ್ಕೆ ಬೇಗ ಉತ್ತರ ಬರೆಯಿರಿ.

ಎನ್. ಯಶೋದ
ಪ್ರಥಮ ಬಿ.ಎಸ್ಸಿ., ಹುಡುಗಿಯರ ಹಾಸ್ಟೆಲ್, ಕೊಳ್ಳೇಗಾಲ