ಬೇವೂರಿನ ಕೌದಿಯ ನಾಲ್ಕನೆಯ ಮೂಲೆ

ಭಾಗ್ಯನಗರ, ಕೊಪ್ಪಳ
ಬುಧವಾರ, ೫ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಶಬ್ಬೀರನಿಗೆ, ನಿನ್ನ ಅಣ್ಣ ಹೈದರಸಾಬನ ಸಲಾಮು.

ಮೊದಲು ಅಫ್ಸಾನಾಳ ಸೊಂಟದ ನೋವು ಹೇಗಿದೆ ತಿಳಿಸು. ಮಡಗಾಂವಿನ ತೇವದ ಹವೆ ಆಕೆಗೆ ಆಗಿಬರುವುದಿಲ್ಲ. ಹರಳೆಣ್ಣೆ ಕಾಸಿ ತಿಕ್ಕಿ, ಮೇಲೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಬೇಕೆಂದು ನಿನ್ನ ಅತ್ತಿಗೆ ಹಜರತಬೀ ಹೇಳಿದ್ದಾಳೆ. ನಿನ್ನ ಮಗ ಜಮೀರನ ಕೆಮ್ಮು ಹೋಯಿತೇ? ನಿನ್ನ ಮೊಣಕಾಲು ಹೇಗಿವೆ? ನೆಲಕ್ಕೆ ಟೈಲ್ಸ್ ಹಾಕುವವನಿಗೆ ಮೊಣಕಾಲೇ ಆಸ್ತಿ, ಕೆಳಗೊಂದು ಗೋಣಿತಟ್ಟು ಮಡಿಸಿ ಹಾಕಿಕೊಂಡು ಕೂಡು. ಇಲ್ಲಿ ಹಜರತಬೀ ಆರಾಮಾಗಿದ್ದಾಳೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮರೆಯುತ್ತಾಳೆ, ನನ್ನನ್ನು ಬೈಯುವುದನ್ನು ಮರೆಯುವುದಿಲ್ಲ. ನನಗೆ ಹಳೆಯ ದಮ್ಮು ಚಳಿಗೆ ಸ್ವಲ್ಪ ಎದ್ದಿದೆ. ಜೀವಮಾನವೆಲ್ಲ ಹತ್ತಿ ಹಿಂಜಿದವನ ಎದೆಯಲ್ಲಿ ಅಷ್ಟಾದರೂ ಹತ್ತಿ ಉಳಿಯಬೇಕಲ್ಲ. ನಮ್ಮ ಮನೆಯಲ್ಲಿದ್ದು ಕೆಲಸಕ್ಕೆ ಹೋಗುವ ನಿನ್ನ ಮಗಳು ಮುಬಾಶಿರಾಳ ಸುದ್ದಿಯನ್ನು ಬೇರೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಈ ಪತ್ರ ಆಕೆಯ ಸಲುವಾಗಿಯೇ.

ಮೊಬೈಲು ಇರುವಾಗ ಅಣ್ಣನಿಗೆ ಕಾಗದ ಯಾಕೆ ಬೇಕಾಯಿತು ಎನ್ನಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದ ನಿನ್ನ ಮಾತನ್ನು ಕೇಳದೆ ತಾನು ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತದೆ. ನಾನು ಶಾಲೆಯ ಕಟ್ಟೆ ಹತ್ತಿದವನಲ್ಲ, ಅಂಗಡಿಗಳ ಬೋರ್ಡು ಓದಿ ಅಕ್ಷರ ಕಲಿತವನು. ಎಲ್ಲಾದರೂ ಒತ್ತಕ್ಷರ ಬಿಟ್ಟುಹೋಗಿದ್ದರೆ ಜಮೀರನ ಹತ್ತಿರ ಓದಿಸಿಕೋ.

ಶನಿವಾರ ನೀನು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಅಣ್ಣಾ, ಆ ಬ್ಲಾಕ್‌ಚೈನ್ ಮಂದಿ ಕಳ್ಳರು ಅದಾರ. ನಡು ಊರಾಗ ಮಂದಿ ಬೈಯಾಕತ್ಯಾರ, ನನ್ನ ಮಗಳು ತಲಿ ಬಗ್ಗಿಸ್ಕೊಂಡು ಕುಂತಾಳ. ನಮ್ಮ ಮನೆತನದ ಹೆಸರು ಮಣ್ಣುಪಾಲಾತು. ನೀನ ಹೋಗಿ ಕರ್ಕೊಂಡು ಬಾ, ಮುಂದಿನ ಭಾನುವಾರ ರೈಲಿಗೆ ಹತ್ತಿಸಿಬಿಡು” ಎಂದೆ. ಯಾರೋ ಕಳಿಸಿದ ವಿಡಿಯೋವನ್ನು ನೀನು ಎಷ್ಟು ಸಲ ನೋಡಿದೆಯೋ. ಹಜರತಬೀ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. “ನಿಮ್ಮ ತಮ್ಮಗ ವಿಡಿಯೋ ಕಾಣತೈತಿ, ಮಗಳು ಕಾಣಂಗಿಲ್ಲ” ಎಂದು ಎದ್ದು ಒಳಗೆ ಹೋದಳು. ನಾನು ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀನು ಹೇಳಿದಂತೆ ಹುಡುಗಿಯನ್ನು ಕರೆತರಲೆಂದೇ ಸೋಮವಾರ ಬೇವೂರಿಗೆ ಹೋದೆ. ಅಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಹೋದ ವರ್ಷ ಗಂಗಾವತಿಯಲ್ಲಿ ಮೊಬೈಲಿನೊಳಗಿನ ನಾಣ್ಯ ಮಾರಿ ಜನರನ್ನು ಮುಳುಗಿಸಿ ಓಡಿದವರು ಬೇರೆ, ಇವರು ಬೇರೆ. ಅವರೂ ಬ್ಲಾಕ್‌ಚೈನ್ ಅಂದರು, ಇವರೂ ಬ್ಲಾಕ್‌ಚೈನ್ ಅನ್ನುತ್ತಾರೆ, ಅಷ್ಟೇ ಸಂಬಂಧ. ಹಾಲಿನ ಹೆಸರು ಹೇಳಿ ಸುಣ್ಣದ ನೀರು ಮಾರಿದವನು ಓಡಿಹೋದರೆ ಎಮ್ಮೆಯನ್ನು ಹೊಡೆಯುತ್ತಾರೆಯೇ? ತಾನಿರುವ ಸಂಸ್ಥೆಯ ಕೆಲಸವನ್ನು ಮುಬಾಶಿರಾ ನನಗೆ ತಿಳಿಸಿ ಹೇಳಿದ್ದಾಳೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಳೆಯ ಸೀರೆ ಕೂಡಿಸಿ ಕೌದಿ ಹೊಲಿಯುತ್ತಾರಲ್ಲ, ಅವು ಈಗ ದೂರದ ಪಟ್ಟಣಗಳಿಗೆ ಹೋಗುತ್ತವೆ. ಪ್ರತಿ ಕೌದಿಗೂ ಒಂದು ಬಟ್ಟೆಯ ಚೀಟಿ. ಅದರ ಮೇಲಿನ ಚೌಕದ ಗುರುತಿಗೆ ಮೊಬೈಲು ಹಿಡಿದರೆ ಯಾರು ಹೊಲಿದರು, ಯಾವ ಊರು ಎಂದು ಬರುತ್ತದೆ. ಆ ಬರಹಕ್ಕೇ ಬ್ಲಾಕ್‌ಚೈನ್ ಅನ್ನುವುದು, ಅದು ಒಂದೇ ಕಡೆ ಇರುವುದಿಲ್ಲ, ಅನೇಕ ಕಡೆ ಒಟ್ಟಿಗೇ ಇರುತ್ತದೆ. ನಮ್ಮ ಗಾದಿಯ ಹೊಲಿಗೆಯಂತೆ ಒಂದರ ಮೇಲೊಂದು ಕೂತಿರುತ್ತದೆ, ಕೆಳಗಿನದನ್ನು ಬಿಚ್ಚಲು ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ನಡುವಿನ ದಲ್ಲಾಳಿ ಬೇವೂರಿನ ಕೌದಿಗೆ ತನ್ನ ಅಂಗಡಿಯ ಹೆಸರು ಹಚ್ಚಲು ಬರುವುದಿಲ್ಲ.

ಇಷ್ಟೆಲ್ಲ ಯಂತ್ರದ ಮಾತು. ಆದರೆ ಯಂತ್ರ ಊರಿಗೆ ಬಂದು ಕೂಡುವುದಿಲ್ಲವಲ್ಲ ತಮ್ಮಾ. ಬಂದು ಕೂಡುವವರು ನಮ್ಮ ಮುಬಾಶಿರಾ ಮತ್ತು ಆಕೆಯ ಮೇಲಿನವನಾದ ಕುಷ್ಟಗಿಯ ಹನುಮೇಶ. ಬರೆದದ್ದನ್ನು ಗಟ್ಟಿಯಾಗಿ ಓದಿ, ಕೂತವರೆಲ್ಲ “ಹೌದು” ಎಂದ ಮೇಲೆಯೇ ಗುಂಡಿ ಒತ್ತುವುದು ಅವರ ಪದ್ಧತಿ. ಬೇವೂರಿಗೆ ಹೋದ ಮೊದಲ ವಾರ ಇವರನ್ನು ಕಂಡು ಮುದುಕಿಯರು “ಚೈನ್ ಹರಿಯೋರು ಬಂದ್ರ ಬೇ, ಕೊರಳ ಮುಚ್ಕೋರಿ” ಎಂದು ನಗುತ್ತಿದ್ದರಂತೆ. ಈಗ ಯಾರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಇವರಿಗೊಂದು ತೆಗೆದಿಡುತ್ತಾರೆ.

ತಪ್ಪು ಆದದ್ದು ಹೀಗೆ. ಬೇವೂರಿನಲ್ಲಿ ಉಡಚಮ್ಮ ಎಂಬ ಹಿರಿಯಳ ಪಡಸಾಲೆಯಲ್ಲಿ ಒಂದು ದೊಡ್ಡ ಕೌದಿ ತಯಾರಾಯಿತು. ನಾಲ್ಕು ಮೂಲೆಗೆ ನಾಲ್ವರು ಕೂತು ಹೊಲಿದದ್ದು: ಉಡಚಮ್ಮ, ವಿರೂಪಾಕ್ಷಮ್ಮ, ಆಕೆಯ ಸೊಸೆ ಹೇಮಾ ಮತ್ತು ಗಿಡ್ಡಪ್ಪ ಎಂಬವನ ಹೆಂಡತಿ ಹುಲಿಗೆವ್ವ. ಮುಬಾಶಿರಾ ಮೊಬೈಲು ತೆಗೆದು “ಇದು ಯಾರ ಕೌದಿರಿ ಯವ್ವಾ?” ಎಂದು ಕೇಳಿದಳು. ಎಲ್ಲರೂ “ಉಡಚಮ್ಮಂದು” ಎಂದರು. ಅವರಲ್ಲಿ ತಳದ ಸೀರೆ ಹಾಸಿದವಳ ಹೆಸರಿನಲ್ಲೇ ಕೌದಿ ಕರೆಯುವುದು ರೂಢಿ, ಕೈಗೂಡಿಸಿದವರು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವುದಿಲ್ಲ. ಹುಡುಗಿ ಹಾಗೆಯೇ ಬರೆದಳು, ಓದಿದಳು, ಎಲ್ಲರೂ ಹೌದೆಂದರು. ಯಾರೂ ಸುಳ್ಳು ಹೇಳಲಿಲ್ಲ. ಆಮೇಲೆ ಆ ಕೌದಿಯ ಚಿತ್ರ ಊರಿನವರ ಮೊಬೈಲಿಗೆ ಬಂತು, ಕೆಳಗೆ “ಹೊಲಿದವರು ಉಡಚಮ್ಮ” ಎಂದಿತ್ತು. ವಿರೂಪಾಕ್ಷಮ್ಮನ ಮಗ ಅದನ್ನು ಹಿಡಿದುಕೊಂಡು ಬಂದು, “ನಮ್ಮವ್ವನ ಬೆರಳಿಗೆ ಸೂಜಿ ನಟ್ಟದ್ದು ಸುಳ್ಳೇನ? ಅಳಿಸಾಕ ಬರಂಗಿಲ್ಲ ಅಂತೀರಿ, ಕಳ್ಳತನಾನೂ ಅಳಿಸಾಕ ಬರಂಗಿಲ್ಲೇನ?” ಎಂದು ಕೂಗಾಡಿದ. ನೀನು ನೋಡಿದ ವಿಡಿಯೋ ಅದೇ.

ನಾನು ಸೋಮವಾರ ಟಂಟಂ ಇಳಿದು ಪಡಸಾಲೆಗೆ ಹೋದಾಗ ನಿನ್ನ ಮಗಳು ಅಳುತ್ತಿರುತ್ತಾಳೆ ಎಂದುಕೊಂಡಿದ್ದೆ. ಆಕೆ ಆಫೀಸಿನಿಂದ ವಾಪಸು ತಂದ ಆ ಕೌದಿಯನ್ನು ನೆಲದ ಮೇಲೆ ಹಾಸುತ್ತಿದ್ದಳು. ಬೈದವನೂ ಕಂಬಕ್ಕೆ ಒರಗಿ ನಿಂತಿದ್ದ. ಹನುಮೇಶ ಒಳ್ಳೆಯ ಹುಡುಗ, ಆದರೆ ಹೆದರಿದ್ದ. “ಹಳೇ ಚೀಟಿ ಬಿಚ್ಚಿ ಹೊಸ ಚೀಟಿ ಹಚ್ಚೂಣು. ಹೊಸಾದ್ರಾಗ ಎಲ್ಲಾರ ಹೆಸರು ಬರೀಯೂಣು. ಹಳೇದು ಯಾರೂ ನೋಡಂಗಿಲ್ಲ” ಎಂದ. ಮುಬಾಶಿರಾ ಒಪ್ಪಲಿಲ್ಲ. “ಸರ್, ನಮ್ಮ ತಪ್ಪು ಮುಚ್ಚಾಕ ಹೊಸ ಚೀಟಿ ಹಚ್ಚಿದ್ರ, ನಾಳೆ ದಲ್ಲಾಳಿಗೆ ಏನ್ ಹೇಳೂಣ್ರಿ? ಹಳೇದು ಇರಲಿ. ಅದರ ಕೆಳಗ ಇನ್ನೊಂದು ಸಾಲು ಬರೀಯೂಣು, ಮ್ಯಾಲಿಂದು ತಪ್ಪು ಅಂತ” ಎಂದಳು. ಆಮೇಲೆ ಹೆಂಗಸರತ್ತ ತಿರುಗಿ, ಯಾರು ಯಾವ ಮೂಲೆಯಲ್ಲಿ ಕೂತು ಹೊಲಿದಿರೋ ಅಲ್ಲೇ ಕೂಡಿರಿ ಎಂದಳು.

ಉಡಚಮ್ಮ ಕೂತಳು. ವಿರೂಪಾಕ್ಷಮ್ಮ ಮುಖ ಊದಿಸಿಕೊಂಡೇ ಕೂತಳು. ಹೇಮಾ ಕೂತಳು. ನಾಲ್ಕನೆಯ ಮೂಲೆ ಖಾಲಿ ಉಳಿಯಿತು. ಹುಲಿಗೆವ್ವ ಕೌದಿ ಮುಗಿಯುವ ಮೊದಲೇ ತೀರಿಕೊಂಡಿದ್ದಳು ತಮ್ಮಾ. ಈ ಮಾತು ನಿನ್ನ ವಿಡಿಯೋದಲ್ಲಿ ಇಲ್ಲ. ಹೊಸ್ತಿಲಲ್ಲಿ ಕೂತಿದ್ದ ಗಿಡ್ಡಪ್ಪ ಕೋಲೂರಿ ಎದ್ದು ಬಂದು ಆ ಮೂಲೆಯ ಹೊಲಿಗೆಯ ಮೇಲೆ ಕೈಯಾಡಿಸಿದ. “ಇಲ್ಲೀಮಟ ನಮ್ಮಾಕಿ ಕೈ” ಎಂದ. ಅಂಚಿನ ಹತ್ತಿರ ಬೆರಳು ನಿಲ್ಲಿಸಿ, “ಇದು ಆಕಿದಲ್ಲ. ಇದನ್ಯಾರು ಮುಚ್ಚಿದ್ರವಾ? ರೊಟ್ಟಿ ಇಟ್ಟು ಮುಚ್ಚಿದ್ರಿಲ್ಲೋ?” ಎಂದು ಕೇಳಿದ.

ನಿನಗೆ ನೆನಪಿರಬೇಕು. ಕೌದಿ ಹೊಲಿಯುವವರು ಒಂದು ಮೂಲೆಯನ್ನು ಬಾಯಿ ತೆರೆದಂತೆ ಬಿಟ್ಟು, ಕೊನೆಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುತ್ತಾರೆ. ಕೌದಿ ಹಸಿದು ಹೋಗಬಾರದು, ಹೊದ್ದವರ ಮನೆಯಲ್ಲಿ ಹಸಿವು ಇರಬಾರದು ಎಂದು. ನಮ್ಮ ಅವ್ವ ನಿನ್ನ ತೊಟ್ಟಿಲಿಗೆ ಹೊಲಿದ ಕೌದಿಯಲ್ಲೂ ಸಜ್ಜೆ ರೊಟ್ಟಿಯ ಚೂರಿತ್ತು, ನೀನು ಹಲ್ಲು ಬಂದಾಗ ಆ ಮೂಲೆಯನ್ನೇ ಕಚ್ಚುತ್ತಿದ್ದೆ. ಗಿಡ್ಡಪ್ಪ ಕೇಳಿದ ಪ್ರಶ್ನೆಗೆ ವಿರೂಪಾಕ್ಷಮ್ಮನೇ ಸೆರಗು ಬಾಯಿಗೆ ಹಿಡಿದು, “ಕೌದಿ ಒಯ್ಯೂ ಗಾಡಿ ಬರೂದಿತ್ತು ಯಣ್ಣಾ, ಗಡಿಬಿಡ್ಯಾಗ ನಾನ ಹೊಲಿದುಬಿಟ್ಟೆ. ಮರುದಿನ ನೆನಪಾತು. ಅಂದಿನಿಂದ ತುತ್ತು ಇಳೀವಲ್ದು” ಎಂದಳು. ಆಕೆಯ ಮಗ ಕಂಬ ಬಿಟ್ಟು ಹೊರಗೆ ಹೋಗಿ ನಿಂತ. ಹೆಸರಿನ ಸಿಟ್ಟು ಸುಳ್ಳಲ್ಲ, ಆದರೆ ಆ ಮನೆಯನ್ನು ಕುದಿಸುತ್ತಿದ್ದದ್ದು ಈ ಸಂಕಟ.

ನಿನ್ನ ಮಗಳು ಸಣ್ಣ ಕತ್ತರಿ ಹುಡುಕಿ ಗಿಡ್ಡಪ್ಪನ ಕೈಗೆ ಕೊಟ್ಟಳು. ಅವನು ಹಿಡಿದ ಕತ್ತರಿಯನ್ನು ವಿರೂಪಾಕ್ಷಮ್ಮ ಹಿಡಿದಳು, ಇಬ್ಬರೂ ಕೂಡಿ ಮೂಲೆ ಬಿಚ್ಚಿದರು. ಹೇಮಾ ಅಡುಗೆ ಮನೆಯಿಂದ ಜೋಳದ ರೊಟ್ಟಿ ತಂದಳು. ಗಿಡ್ಡಪ್ಪ ಒಂದು ಚೂರು ಮುರಿದು ಒಳಗಿಟ್ಟು, “ಉಣ್ಣವಾ” ಎಂದ. ಅದು ಕೌದಿಗೆ ಹೇಳಿದ್ದೋ ಹೆಂಡತಿಗೆ ಹೇಳಿದ್ದೋ ನಾನು ಬರೆಯಲಾರೆ. ಮೂಲೆ ಮುಚ್ಚಿದ ಮೇಲೆ ಮುಬಾಶಿರಾ ಹೊಸ ಸಾಲು ಓದಿದಳು. ಒಂದೊಂದು ಹೆಸರಿಗೆ ಆ ಹೆಸರಿನವರು ಹೌದೆಂದರು. ಹುಲಿಗೆವ್ವನ ಹೆಸರು ಓದಿ ಗಿಡ್ಡಪ್ಪನತ್ತ ನೋಡಿದಳು. ಗಿಡ್ಡಪ್ಪ ಆ ಮೂಲೆಯ ಮೇಲೆ ಕೈಯಿಟ್ಟು, “ಹೌದ್ರೀ ಯವ್ವಾ, ಅದಾಳ” ಎಂದ.

ಇಂಥ ಕೆಲಸ ಮಾಡುವವರನ್ನು ಕಳ್ಳರೆಂದರೆ ಆ ಮಾತಿಗೆ ನಾನು ತಲೆಯಾಡಿಸಲಾರೆ. ಅವರ ಸಂಸ್ಥೆಯ ದೊಡ್ಡವರು ಯಾವ ಊರಿನಲ್ಲಿದ್ದಾರೋ, ಹೇಗಿದ್ದಾರೋ ನನಗೆ ಗೊತ್ತಿಲ್ಲ, ಅವರ ಪರವಾಗಿ ನಾನು ಆಣೆ ಹಾಕುವುದಿಲ್ಲ. ಬೇವೂರಿನ ಪಡಸಾಲೆಯಲ್ಲಿ ಕೂತವರ ಪರವಾಗಿ ಹಾಕುತ್ತೇನೆ. ಇನ್ನು ಆ ವಿಡಿಯೋದಲ್ಲಿ ಮಗಳು ತಲೆ ತಗ್ಗಿಸಿದ್ದಾಳೆ ಎಂದು ಸಂಕಟಪಟ್ಟೆಯಲ್ಲ, ಮತ್ತೊಮ್ಮೆ ನೋಡು, ಈ ಸಲ ಆಕೆಯ ಕೈ ನೋಡು. ಅಲ್ಲಿಯ ಮುದುಕಿಯರಿಗೆ ಕಣ್ಣು ಮಂಜು. ಹೋದಾಗಲೆಲ್ಲ ಆಕೆ ಒಂದು ಹಿಡಿ ಸೂಜಿಗೆ ದಾರ ಪೋಣಿಸಿ, ಬಟ್ಟೆಯ ತುಂಡಿಗೆ ಚುಚ್ಚಿಟ್ಟು ಬರುತ್ತಾಳೆ. ಇದು ಯಾವ ಆಫೀಸೂ ಹೇಳಿದ ಕೆಲಸವಲ್ಲ. ಮಗ ಎದುರಿಗೆ ನಿಂತು ಬೈಯುತ್ತಿದ್ದಾಗ ಆಕೆ ಅವನ ತಾಯಿಯ ಸೂಜಿಗೇ ದಾರ ಪೋಣಿಸುತ್ತಿದ್ದಳು. ದಾರ ಪೋಣಿಸುವವರು ತಲೆ ಬಗ್ಗಿಸಲೇಬೇಕು ತಮ್ಮಾ.

ಆಕೆಯನ್ನು ಕರೆತರಲು ಹೋದ ನಾನು ಒಬ್ಬನೇ ಮರಳಿದೆ. ಆಕೆ ಸಂಜೆ ಬಸ್ಸಿಗೆ ಮನೆಗೆ ಬಂದು, “ದೊಡ್ಡಪ್ಪಾ, ಉಂಡಿಯೇನು?” ಎಂದು ಕೇಳಿದಳು, ತಾನು ಸರಿಯಾಗಿ ಉಣ್ಣಲಿಲ್ಲ. ನಿನ್ನ ಫೋನಿನ ಮಾತು ಆಕೆಗೂ ಗೊತ್ತು. ಅಪ್ಪ ಹೇಳಿದರೆ ಹೋಗುತ್ತೇನೆ ಎನ್ನುತ್ತಾಳೆ, ಬಟ್ಟೆಯ ಚೀಲ ಮಾತ್ರ ಗೂಟದಿಂದ ಇಳಿಸಿಲ್ಲ.

ಅಫ್ಸಾನಾಳಿಗೆ ಸಲಾಮು, ಜಮೀರನಿಗೆ ಎರಡೂ ಕೆನ್ನೆಗೆ ಮುತ್ತು. ರಂಜಾನಿಗೆ ಮೂವರೂ ಬನ್ನಿರಿ. ಅಲ್ಲಾಹನು ನಿನ್ನ ಕೈಗೂ ಮೊಣಕಾಲಿಗೂ ಬಲ ಕೊಡಲಿ.

ಇಂತಿ ನಿನ್ನ ಅಣ್ಣ,
ಹೈದರಸಾಬ

ತಾ.ಕ. ಈ ಕಾಗದ ಒಯ್ಯುವ ಅಮೀನಸಾಬ ಮಡಗಾಂವಿಗೆ ಲಾರಿ ಹೊರಡಿಸಿಕೊಂಡು ಬಾಗಿಲಲ್ಲಿ ಹಾರ್ನು ಹೊಡೆಯುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಕೊಡಲಾರೆ. ಆ ಹೊಸ ಸಾಲಿನ ಕೊನೆಗೆ ಮುಬಾಶಿರಾ ಇನ್ನೊಂದು ಮಾತು ಸೇರಿಸಿದಳು. ಹನುಮೇಶ, “ನಿನ್ನ ಹೆಸರು ಯಾಕವಾ, ಸಂಸ್ಥಿ ಹೆಸರು ಸಾಕು” ಎಂದ. “ಊರಿಗೆ ಬಂದಾಕಿ ನಾನ್ರಿ, ಸಂಸ್ಥಿ ಅಲ್ಲ” ಎಂದು ಬರೆದೇಬಿಟ್ಟಳು: “ಮೊದಲು ತಪ್ಪು ಬರೆದವಳು ಮುಬಾಶಿರಾ, ಶಬ್ಬೀರನ ಮಗಳು, ಭಾಗ್ಯನಗರ.” ಇನ್ನು ಅದನ್ನು ಯಾರೂ ಅಳಿಸಲಾರರು, ನೀನೂ ಅಳಿಸಲಾರೆ. ಮನೆತನದ ಹೆಸರು ಮಣ್ಣಾಯಿತು ಅಂದೆಯಲ್ಲ, ಅದು ಈಗ ಹುಲಿಗೆವ್ವನ ಹೆಸರಿನ ಕೆಳಗೆ ಕೂತಿದೆ. ಅಲ್ಲಿ ಇರುವುದಕ್ಕೆ ನಿನಗೆ ನಾಚಿಕೆಯೋ ಅಲ್ಲವೋ, ಅದನ್ನಷ್ಟೇ ನಿನ್ನ ಕೈಯಾರೆ ಬರೆದು ಅಮೀನಸಾಬ ಮರಳುವಾಗ ಕೊಟ್ಟು ಕಳಿಸು. ಭಾನುವಾರದ ರೈಲಿಗಿಂತ ಮೊದಲು ನಿನ್ನ ಕಾಗದ ಬರಲಿ. ಬೇಗ ಬರೆ.